ಎಲ್ಲರಿಗಿಂತ ದೊಡ್ಡ ತಲೆ ಯಾರದ್ದು? ಅಡಿಕೆ ಸುಲಿಯುವಲ್ಲಿ ಎದ್ದ ಜಗಳ

ಮೆಟ್ಟುಗತ್ತಿ (ಶಿರಸಿ)
ಡಿಸೆಂಬರ್ 22, ರಾತ್ರಿ 10:15

ನಿನ್ನೆ ಕೊನೆಕೊಯ್ಲು ಆಯಿತು. ಇವತ್ತು ಅಂಗಳದಲ್ಲಿ ಹಸಿ ಅಡಿಕೆ ರಾಶಿ, ಸುತ್ತ ಎಂಟು ಜನ. ಸುಲಿಯಲು ಕೂತರೆ ಕೈಗೆ ಮಾತ್ರ ಕೆಲಸ, ಬಾಯಿ ಖಾಲಿ. ಊರ ಸುದ್ದಿ ಎಲ್ಲ ಮುಗಿದ ಮೇಲೆ ಏನಾದರೊಂದು ಶುರುವಾಗುತ್ತದೆ.

ಇವತ್ತು ಶುರು ಮಾಡಿದವಳು ಅಕ್ಕನ ಮಗಳು. ಒಂಬತ್ತನೇ ಕ್ಲಾಸು. ರಾಮಾನುಜನ್ ಹುಟ್ಟಿದ ದಿನ ಅಂತ ಶಾಲೆಯಲ್ಲಿ ಗಣಿತ ದಿನ ಮಾಡಿದರಂತೆ. 1729ರ ಕಥೆ ಹೇಳಿದಳು. ಆಸ್ಪತ್ರೆಯಲ್ಲಿದ್ದ ರಾಮಾನುಜನ್ ಅವರನ್ನು ನೋಡಲು ಇಂಗ್ಲೆಂಡಿನ ಗಣಿತಜ್ಞ ಹಾರ್ಡಿ ಬಂದ ಟ್ಯಾಕ್ಸಿಯ ನಂಬರು ಅದು. ಸಪ್ಪೆ ನಂಬರು ಅಂದನಂತೆ ಹಾರ್ಡಿ. ಅಲ್ಲ, ಎರಡು ಘನಗಳ ಮೊತ್ತವಾಗಿ ಎರಡು ಥರ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು ಅಂದರಂತೆ ಇವರು. ಒಂದರ ಘನಕ್ಕೆ ಹನ್ನೆರಡರ ಘನ ಸೇರಿಸಿ, ಇಲ್ಲವೇ ಒಂಬತ್ತರ ಘನಕ್ಕೆ ಹತ್ತರ ಘನ ಸೇರಿಸಿ, ಎರಡೂ 1729.

“ಪ್ರಪಂಚದಲ್ಲಿ ಎಲ್ಲರಿಗಿಂತ ಬುದ್ಧಿವಂತ ರಾಮಾನುಜನ್ ಅಲ್ವಾ ಮಾವಾ?” ಅಂದಳು. ಭಾವ “ನ್ಯೂಟನ್ ಮುಂದೆ ಯಾರೂ ಇಲ್ಲ” ಅಂದ. ಚಿಕ್ಕಪ್ಪ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮೇಲಿಂದ ಕಾಲು ತೆಗೆದು “ವ್ಯಾಸ” ಅಂದ. ಆಮೇಲೆ ಒಂದು ಗಂಟೆ ಅಡಿಕೆ ಸುಲಿದಿದ್ದು ಪಕ್ಕದ ಮನೆ ಅತ್ತಿಗೆ ಒಬ್ಬರೇ.

ಜಗಳವನ್ನು ಇಲ್ಲಿಗೆ ತಂದಿದ್ದೇನೆ. ದೇವರು, ಅವತಾರ ಬೇಡ. ಈಗ ಬದುಕಿರುವವರು ಬೇಡ. ರಾಜಕಾರಣಿ ಅಂತೂ ಬೇಡವೇ ಬೇಡ. (ವ್ಯಾಸರನ್ನು ಅವತಾರದ ಲೆಕ್ಕಕ್ಕೆ ಹಾಕಿ ಚಿಕ್ಕಪ್ಪನನ್ನು ಸುಮ್ಮನಿರಿಸಿದೆ. ಪೂರ್ತಿ ಸುಮ್ಮನಾಗಿಲ್ಲ.)

ನನ್ನ ಅಳತೆಗೋಲು ಹೇಳಿಬಿಡುತ್ತೇನೆ. ಆ ಮನುಷ್ಯ ಹುಟ್ಟದೇ ಇದ್ದಿದ್ದರೆ ಆ ಕೆಲಸ ಇನ್ಯಾರಾದರೂ ಮಾಡುತ್ತಿದ್ದರಾ? ಎಷ್ಟು ವರ್ಷ ತಡ ಆಗುತ್ತಿತ್ತು? ತಡ ಜಾಸ್ತಿ ಆದಷ್ಟೂ ತಲೆ ದೊಡ್ಡದು. ಹೆಸರು ಹೇಳಿ, ಕಾರಣ ಹೇಳಿ.

ಹೊನ್ನಾವರದವ (ಸದ್ಯ ಬೆಂಗಳೂರು)
ರಾತ್ರಿ 10:31

ಇದಕ್ಕೆ ಇಷ್ಟು ಜಗಳ ಯಾಕೆ ಮಾರಾಯ್ರೆ? ಜಾನ್ ವಾನ್ ನಾಯ್ಮನ್. ಮುಗೀತು.

1903ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ 1957ರಲ್ಲಿ ತೀರಿಕೊಂಡ. ಐವತ್ತಮೂರೇ ವರ್ಷ. ಅಷ್ಟರಲ್ಲಿ ಕ್ವಾಂಟಮ್ ಮೆಕ್ಯಾನಿಕ್ಸಿಗೆ ಗಣಿತದ ಅಡಿಪಾಯ ಹಾಕಿದ. 1944ರಲ್ಲಿ ಮಾರ್ಗೆನ್‌ಸ್ಟರ್ನ್ ಜೊತೆ ಗೇಮ್ ಥಿಯರಿಯ ದೊಡ್ಡ ಪುಸ್ತಕ ಬರೆದ. 1945ರಲ್ಲಿ ಕಂಪ್ಯೂಟರ್ ಹೇಗಿರಬೇಕು ಅಂತ ಒಂದು ವರದಿ ಬರೆದ. ಪ್ರೋಗ್ರಾಮು, ಡೇಟಾ ಎರಡೂ ಒಂದೇ ಮೆಮೊರಿಯಲ್ಲಿ. ನೀವು ಇದನ್ನು ಓದುತ್ತಿರುವ ಫೋನು ಇವತ್ತಿಗೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ನಡೆಯುತ್ತದೆ. ನನ್ನ ಅನ್ನವೂ ಅದರಿಂದಲೇ.

ಬಾಯಿಲೆಕ್ಕದಲ್ಲಂತೂ ಜೊತೆಯವರೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದರು. ಐಕ್ಯೂ ಪಟ್ಟಿ ಯಾವುದು ತೆಗೆದರೂ ಮೇಲ್ಗಡೆ ಇರುತ್ತಾನೆ.

ಗಣಿತದ ಅಕ್ಕೋರು (ಕುಮಟಾ)
ರಾತ್ರಿ 10:50

ತಮ್ಮಾ, ಐಕ್ಯೂ ಪಟ್ಟಿ ಮಾತ್ರ ತರಬೇಡ. ಮೂವತ್ತಮೂರು ವರ್ಷ ಮಾರ್ಕು ಹಾಕಿದವಳು ಹೇಳುತ್ತಿದ್ದೇನೆ.

1905ರಲ್ಲಿ ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಬಿನೆ ಆ ಪರೀಕ್ಷೆ ಮಾಡಿದ್ದು ಪ್ಯಾರಿಸ್ ಶಾಲೆಗಳಲ್ಲಿ ಯಾವ ಮಕ್ಕಳಿಗೆ ಜಾಸ್ತಿ ಸಹಾಯ ಬೇಕು ಅಂತ ತಿಳಿಯಲು. ಯಾರು ದೊಡ್ಡವರು ಅಂತ ಸಾಲಾಗಿ ನಿಲ್ಲಿಸಲು ಅಲ್ಲ. ಮತ್ತೆ ಈ ಜರ್ಮನ್ ಕವಿ ಗಯಟೆಗೆ 210 ಅಂತೆಲ್ಲ ಓಡಾಡುತ್ತದಲ್ಲ, ಅದರ ಮೂಲ ಗೊತ್ತಾ? 1926ರಲ್ಲಿ ಕ್ಯಾಥರೀನ್ ಕಾಕ್ಸ್ ಎನ್ನುವವರು ಮುನ್ನೂರು ದೊಡ್ಡ ಮನುಷ್ಯರ ಜೀವನಚರಿತ್ರೆ ಓದಿ ಅಂದಾಜಿನ ಮೇಲೆ ಹಾಕಿದ ಅಂಕಿ. ಪರೀಕ್ಷೆಗೇ ಕೂರದವರಿಗೆ ಫಲಿತಾಂಶ! ಬಾಲ್ಯದ ವಿವರ ಸಿಗದವರಿಗೆ ಮಾರ್ಕು ಕಡಿಮೆ. ನಮ್ಮ ಹಳ್ಳಿ ಶಾಲೆಯ ದಾಖಲಾತಿ ಪುಸ್ತಕ ನೋಡಿದ್ದರೆ ಎಲ್ಲರಿಗೂ ಸೊನ್ನೆ ಬರುತ್ತಿತ್ತು.

ಬಾಯಿಲೆಕ್ಕವೇ ಬುದ್ಧಿಯಾದರೆ ನಮ್ಮ ಶಕುಂತಲಾ ದೇವಿಯವರು ಇದ್ದಾರೆ. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಯ ಎರಡು ಸಂಖ್ಯೆ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಹೇಳಿದರು. ಆ ಪ್ರಶ್ನೆ ಬರೆದುಕೊಳ್ಳಲಿಕ್ಕೇ ನನಗೆ ಅಷ್ಟು ಹೊತ್ತು ಬೇಕು. ಅದ್ಭುತ. ಆದರೆ ನಾವು ಇಲ್ಲಿ ಹುಡುಕುತ್ತಿರುವುದು ಬೇರೆ.

ಇನ್ನು ಆ ಕಂಪ್ಯೂಟರ್ ವರದಿ. ಎಕರ್ಟ್, ಮಾಕ್ಲಿ ಅಂತ ಇಬ್ಬರು ಅದೇ ಕೆಲಸದಲ್ಲಿ ಮುಳುಗಿದ್ದರು. ವರದಿಯ ಮೇಲೆ ಹೆಸರು ಬಂದಿದ್ದು ನಾಯ್ಮನ್ ಒಬ್ಬನದೇ. ಮೆಟ್ಟುಗತ್ತಿಯವರ ಅಳತೆಯಲ್ಲಿ ಅವನಿಗೆ ಹೆಚ್ಚೆಂದರೆ ಎರಡು ಮೂರು ವರ್ಷ ಸಿಗುತ್ತದೆ.

ಹೊನ್ನಾವರದವ
ರಾತ್ರಿ 10:54

ಅಕ್ಕೋರೆ, ನೀವು ಶಾಲೆಯಲ್ಲೂ ಹೀಗೇ ಕಿವಿ ಹಿಂಡುತ್ತಿದ್ದಿರಾ?

ಗಣಿತದ ಅಕ್ಕೋರು
ರಾತ್ರಿ 10:55

ಇದಕ್ಕಿಂತ ಜೋರಾಗಿ.

ಸೂತ್ರಪಾಠ (ಗೋಕರ್ಣ)
ರಾತ್ರಿ 11:20

ಪಾಣಿನಿ. ಸಂಸ್ಕೃತ ಓದಿದವನು ಅಂತ ಹೇಳುತ್ತಿಲ್ಲ. ಒಂದು ಉದಾಹರಣೆ ಕೊಡುತ್ತೇನೆ, ನೀವೇ ನೋಡಿ.

ಅವನ ಸಂಸ್ಕೃತ ವ್ಯಾಕರಣ ಅಷ್ಟಾಧ್ಯಾಯಿಗೆ ಮುಂಚೆ ಹದಿನಾಲ್ಕು ಶಿವಸೂತ್ರ ಬರುತ್ತವೆ. ಮೊದಲ ನಾಲ್ಕು ಹೀಗೆ: ಅ ಇ ಉ ಣ್, ಋ ಌ ಕ್, ಏ ಓ ಙ್, ಐ ಔ ಚ್. ಪ್ರತಿ ಸಾಲಿನ ಕೊನೆಯ ಅಕ್ಷರ ಬರೀ ಗುರುತಿನ ಗೂಟ. ಈಗ ಮೊದಲ ‘ಅ’ ಹಿಡಿದು ‘ಚ್’ ಗೂಟದವರೆಗೆ ಹೋದರೆ ‘ಅಚ್’. ಎಲ್ಲ ಸ್ವರಗಳೂ ಅಷ್ಟರಲ್ಲಿ ಬಂದವು. ‘ಇ’ಯಿಂದ ‘ಕ್’ವರೆಗೆ ಹೋದರೆ ‘ಇಕ್’. ಇ, ಉ, ಋ, ಌ. ಹಾಗೆಯೇ ಮುಂದಿನ ಸಾಲುಗಳಿಂದ ‘ಯಣ್’. ಯ, ವ, ರ, ಲ.

ಈಗ ಸೂತ್ರ: “ಇಕೋ ಯಣಚಿ.” ಮೂರೇ ಪದ. ಮುಂದೆ ಸ್ವರ ಬಂದರೆ ಇಕ್ ಇದ್ದ ಜಾಗಕ್ಕೆ ಯಣ್ ಬರುತ್ತದೆ. ಇತಿ ಆದಿ ಸೇರಿದರೆ ಇತ್ಯಾದಿ. ಸು ಆಗತ ಸೇರಿದರೆ ಸ್ವಾಗತ. ನಿಮ್ಮ ಮನೆ ಮದುವೆ ಚಪ್ಪರದ ಬೋರ್ಡಿನ ಮೇಲೆ ಪಾಣಿನಿಯ ಸೂತ್ರ ನೇತಾಡುತ್ತಿರುತ್ತದೆ.

ಇಂಥವು ಸುಮಾರು ನಾಲ್ಕು ಸಾವಿರ. ಒಂದಕ್ಕೊಂದು ಕೊಂಡಿ. ಮೇಲಿನ ಸೂತ್ರದ ಪದ ಕೆಳಗಿನದಕ್ಕೆ ಹರಿದು ಬರುತ್ತದೆ, ಮತ್ತೆ ಹೇಳುವಂತಿಲ್ಲ. ಅರ್ಧ ಮಾತ್ರೆ ಉಳಿಸಿದರೆ ವೈಯಾಕರಣರಿಗೆ ಮಗ ಹುಟ್ಟಿದಷ್ಟು ಸಂತೋಷ ಅಂತ ಗಾದೆಯೇ ಇದೆ. ಎರಡು ಸಾವಿರ ವರ್ಷಕ್ಕೂ ಹಿಂದೆ, ಈಗ ಪಾಕಿಸ್ತಾನದಲ್ಲಿರುವ ಶಲಾತುರ ಅನ್ನುವ ಊರಿನವನು ಇದನ್ನು ಮಾಡಿದ. ಅಮೆರಿಕದ ಭಾಷಾಶಾಸ್ತ್ರಿ ಬ್ಲೂಮ್‌ಫೀಲ್ಡ್ 1933ರಲ್ಲಿ ಇದನ್ನು ಮನುಷ್ಯ ಬುದ್ಧಿಯ ಅತಿ ದೊಡ್ಡ ಸ್ಮಾರಕಗಳಲ್ಲಿ ಒಂದು ಅಂತ ಕರೆದ.

ನಾಯ್ಮನ್ ಪ್ರೋಗ್ರಾಮಿನ ಬಗ್ಗೆ ಬರೆದ. ಪಾಣಿನಿ ಪ್ರೋಗ್ರಾಮನ್ನೇ ಬರೆದ, ಯಂತ್ರ ಇಲ್ಲದೆ.

ಮೆಟ್ಟುಗತ್ತಿ
ರಾತ್ರಿ 11:34

ಭಟ್ರೆ, ಸ್ವಾಗತದ ಬೋರ್ಡು ಇನ್ನು ಮೇಲೆ ಬೇರೆ ಥರ ಕಾಣುತ್ತದೆ ನನಗೆ. ಆದರೂ ಒಂದು ಪ್ರಶ್ನೆ. ತನಗಿಂತ ಮುಂಚಿನ ಹತ್ತು ವೈಯಾಕರಣರ ಹೆಸರನ್ನು ಪಾಣಿನಿಯೇ ಹೇಳಿದ್ದಾನೆ ಅಲ್ವಾ? ಶಾಕಟಾಯನ, ಗಾರ್ಗ್ಯ, ಶಾಕಲ್ಯ ಇತ್ಯಾದಿ (ಸೂತ್ರ ಬಳಸಿದೆ). ಅಂದ ಮೇಲೆ ಒಬ್ಬನದೇ ತಲೆ ಹೇಗೆ?

ಸೂತ್ರಪಾಠ
ರಾತ್ರಿ 11:41

ಹೇಳಿದ್ದಾನೆ. ಆದರೆ ಆ ಹತ್ತು ಜನರ ವ್ಯಾಕರಣ ಈಗ ಎಲ್ಲಿದೆ? ಇವನದು ಬಂದ ಮೇಲೆ ಅವು ಬೇಕಾಗಲೇ ಇಲ್ಲ. ಅದೇ ಉತ್ತರ.

ಅಂದ ಹಾಗೆ ನಮ್ಮ ಜಿಲ್ಲೆಯ ಹೆಸರೂ ಒಂದು ಬರಲಿ. ಭಟ್ಕಳದ ಹತ್ತಿರದ ಹಾಡುವಳ್ಳಿಯ ಜೈನ ಪರಂಪರೆಯ ಭಟ್ಟಾಕಳಂಕ ದೇವ 1604ರಲ್ಲಿ ಕನ್ನಡಕ್ಕೆ ವ್ಯಾಕರಣ ಬರೆದ. ಶಬ್ದಾನುಶಾಸನ. 592 ಸೂತ್ರ. ಭಾಷೆ ಕನ್ನಡ, ಸೂತ್ರ ಸಂಸ್ಕೃತ, ದಾರಿ ಪಾಣಿನಿಯದು. ಅವನೇ ಎಲ್ಲರಿಗಿಂತ ದೊಡ್ಡವನು ಅಂತ ಹೇಳುತ್ತಿಲ್ಲ. ಹಾಡುವಳ್ಳಿ ಕಡೆ ಹೋದವರು ಬಸದಿಯ ಫೋಟೋ ತೆಗೆದು ಬರುತ್ತಾರೆ, ಈ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಅದಕ್ಕೆ ಹೇಳಿದೆ.

ಘಟ್ಟದ ಮೇಲಿನವ (ಯಲ್ಲಾಪುರ)
ರಾತ್ರಿ 11:52

ಶೂನ್ಯ ಕೊಟ್ಟವರು ನಾವು. ಎಲ್ಲಾ ನಮ್ಮ ಹಳೇ ಗ್ರಂಥಗಳಲ್ಲಿ ಇತ್ತು. ಚರ್ಚೆ ಯಾಕೆ?

ಗಣಿತದ ಅಕ್ಕೋರು
ಡಿಸೆಂಬರ್ 23, ಬೆಳಿಗ್ಗೆ 6:30

ಚರ್ಚೆ ಯಾಕೆ ಅಂದರೆ, ‘ನಾವು’ ಅಂದವರ ಹೆಸರು ಹೇಳಿ ಅಂತ.

ಸೊನ್ನೆಯ ಚಿಹ್ನೆ ಮೊದಲು ಬರೆದ ಕೈ ಯಾರದ್ದು ಅಂತ ದಾಖಲೆ ಇಲ್ಲ. ಸೊನ್ನೆಯ ಜೊತೆ ಕೂಡುವುದು, ಕಳೆಯುವುದು, ಗುಣಿಸುವುದು ಹೇಗೆ ಅಂತ ನಿಯಮ ಬರೆದವನು ಬ್ರಹ್ಮಗುಪ್ತ, 628ರಲ್ಲಿ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಅಂದ. ತಪ್ಪು. ಆಮೇಲೆ ನಮ್ಮ ನೃಪತುಂಗನ ಕಾಲದ ಮಹಾವೀರಾಚಾರ್ಯ, 850ರ ಸುಮಾರು, ಗಣಿತಸಾರಸಂಗ್ರಹ ಬರೆದವನು. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಆಗಲೇ ಗುರುತಿಸಿದವನು. ಅಂಥವನೂ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಹಾಗೇ ಉಳಿಯುತ್ತದೆ ಅಂತ ಬರೆದುಬಿಟ್ಟ. ಇಬ್ಬರೂ ಸೊನ್ನೆಯ ಮೇಲೆ ಕಾಲಿಟ್ಟು ಜಾರಿದವರೇ. ಹಾಗೆ ಜಾರಿದ್ದಕ್ಕೇ ನನಗೆ ಅವರು ಇನ್ನೂ ಹತ್ತಿರದವರು. ಎಲ್ಲಾ ಇತ್ತು ಅಂದುಬಿಟ್ಟರೆ ಅವರು ಪಟ್ಟ ಕಷ್ಟಕ್ಕೆ ಬೆಲೆ ಎಲ್ಲಿ?

ಬೈತಖೋಲ ಬೋಟು (ಕಾರವಾರ)
ಬೆಳಿಗ್ಗೆ 9:10

ಮೆಟ್ಟುಗತ್ತಿಯವರ ಭಾವ ಹೇಳಿದ್ದು ಸರಿ. ನ್ಯೂಟನ್.

ಘಟ್ಟದ ಮೇಲಿನವರಿಗೆ ನ್ಯೂಟನ್ ಅಂದರೆ ಸೇಬು. ನಮಗೆ ಭರತಿ-ಇಳಿತ. ನಮ್ಮಪ್ಪ ನಾಲ್ಕನೇ ಕ್ಲಾಸು ಓದಿದವರು. ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ ಭರತಿ ಎಷ್ಟು ಹೊತ್ತಿಗೆ ಅಂತ ಹೇಳುತ್ತಿದ್ದರು. ಇವತ್ತಿನ ಭರತಿಗೆ ಎರಡು ಗಳಿಗೆ ಸೇರಿಸಿದರೆ ನಾಳೆಯದು. ಗಳಿಗೆ ಅಂದರೆ 24 ನಿಮಿಷ, ಎರಡು ಗಳಿಗೆ 48. ಪುಸ್ತಕದಲ್ಲಿ ಸುಮಾರು 50 ನಿಮಿಷ ಅಂತಿದೆ. ಬೋಟು ಒಳಗೆ ತರಲು ಆ ಎರಡು ನಿಮಿಷದ ತಪ್ಪು ಲೆಕ್ಕಕ್ಕಿಲ್ಲ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಜೋರು, ಅಷ್ಟಮಿಗೆ ಮಂದ. “ಯಾಕೆ ಅಪ್ಪಾ?” ಅಂದರೆ “ಅದು ಹಾಗೇ” ಅನ್ನುತ್ತಿದ್ದರು.

ಆ ‘ಯಾಕೆ’ಗೆ ಉತ್ತರ ನ್ಯೂಟನ್ ಬರೆದ 1687ರ ಪುಸ್ತಕ ಪ್ರಿನ್ಸಿಪಿಯಾದಲ್ಲಿದೆ. ಚಂದ್ರನನ್ನು ಭೂಮಿಯ ಸುತ್ತ ಹಿಡಿದಿಟ್ಟ ಬಲವೇ ಬೈತಖೋಲದ ನೀರನ್ನೂ ಎತ್ತುತ್ತದೆ. ಸೂರ್ಯ, ಚಂದ್ರ ಒಂದೇ ಸಾಲಿನಲ್ಲಿ ಎಳೆದರೆ ದೊಡ್ಡ ಭರತಿ. ಅಡ್ಡಡ್ಡ ಎಳೆದರೆ ಸಣ್ಣದು. ಅಷ್ಟೇ ಅಲ್ಲ. ಈಗಿನ ವಿಯೆಟ್ನಾಮಿನ ಉತ್ತರದಲ್ಲಿ, ಟಾಂಕಿನ್ ಅನ್ನುವ ಕಡೆ, ಒಂದು ಬಂದರಿನಲ್ಲಿ ದಿನಕ್ಕೆ ಒಂದೇ ಭರತಿ. ನಮ್ಮ ಕಡೆ ಎರಡು, ಅಲ್ಲಿ ಒಂದು. ಡೇವನ್‌ಪೋರ್ಟ್ ಅನ್ನುವ ಹಡಗಿನವನು ಅದನ್ನು ಬರೆದಿಟ್ಟಿದ್ದ. ನ್ಯೂಟನ್ ಇಂಗ್ಲೆಂಡಿನಲ್ಲಿ ಕೂತು ಅದಕ್ಕೂ ಕಾರಣ ಹುಡುಕಿದ. ಎರಡು ದಾರಿಯಿಂದ ನೀರು ಬೇರೆ ಬೇರೆ ಹೊತ್ತಿಗೆ ಬಂದು ಸೇರಿ, ಒಂದು ಇನ್ನೊಂದನ್ನು ಅಳಿಸುತ್ತದೆ ಅಂದ. ಅವನು ಹೇಳಿದ ದಾರಿಗಳ ವಿವರ ಹೇಗೇ ಇರಲಿ, ಅಲೆ ಅಲೆಯನ್ನು ಅಳಿಸಬಹುದು ಎನ್ನುವ ಯೋಚನೆ ನೋಡಿ.

ಇನ್ನೊಂದು ವಿಷಯ ಹೇಳಲೇಬೇಕು. ಆ ಪುಸ್ತಕ ಅಚ್ಚು ಮಾಡಿಸಲು ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿ ಹತ್ತಿರ ದುಡ್ಡಿರಲಿಲ್ಲ. ಯಾಕೆ? ಮೀನಿನ ಬಗ್ಗೆ ಒಂದು ದೊಡ್ಡ ಪುಸ್ತಕ ಮಾಡಿಸಿ ಕೈ ಸುಟ್ಟುಕೊಂಡಿದ್ದರು! ಕೊನೆಗೆ ಖಗೋಳಜ್ಞ ಹ್ಯಾಲಿ ತನ್ನ ಜೇಬಿನಿಂದ ಖರ್ಚು ಹಾಕಿದ. ಮೀನಿನ ವ್ಯಾಪಾರದಲ್ಲಿ ನಷ್ಟ ಮಾಡಿಕೊಂಡವರು ನಾವೊಬ್ಬರೇ ಅಲ್ಲ.

ಗಣಿತದ ಅಕ್ಕೋರು
ಬೆಳಿಗ್ಗೆ 9:48

ಮೀನಿನ ಪುಸ್ತಕಕ್ಕೆ ನಕ್ಕು ಸಾಕಾಯಿತು.

ಆದರೆ ಅಳತೆಗೋಲು ಹಾಕಿ ನೋಡೋಣ. ಕಲನಶಾಸ್ತ್ರ (ಕ್ಯಾಲ್ಕುಲಸ್) ಲೈಬ್ನಿಜ್ ಕೂಡ ಕಂಡುಹಿಡಿದ. ದೂರದ ವರ್ಗಕ್ಕೆ ತಕ್ಕ ಹಾಗೆ ಬಲ ಕಡಿಮೆ ಆಗುತ್ತದೆ ಅಂತ ಹುಕ್, ರೆನ್, ಹ್ಯಾಲಿ ಮೂವರಿಗೂ ಗುಮಾನಿ ಇತ್ತು. ಸಾಧಿಸಲು ಬರಲಿಲ್ಲ ಅಷ್ಟೇ. 1684ರಲ್ಲಿ ಹ್ಯಾಲಿ ಕೇಂಬ್ರಿಡ್ಜಿಗೆ ಹೋಗಿ, ಹಾಗಾದರೆ ಗ್ರಹದ ದಾರಿ ಯಾವ ಆಕಾರ ಅಂತ ಕೇಳಿದಾಗ ನ್ಯೂಟನ್ “ದೀರ್ಘವೃತ್ತ, ಲೆಕ್ಕ ಮಾಡಿದ್ದೇನೆ” ಅಂದ. ಹುಡುಕಿದ, ಕಾಗದ ಸಿಗಲಿಲ್ಲ. ನನ್ನ ವಿದ್ಯಾರ್ಥಿಗಳೂ ಹೋಂವರ್ಕಿಗೆ ಇದನ್ನೇ ಹೇಳುತ್ತಿದ್ದರು. ಇವನು ಮಾತ್ರ ಆಮೇಲೆ ನಿಜವಾಗಿ ಬರೆದು ಕಳಿಸಿದ.

ನನ್ನ ಓಟು ಆರ್ಕಿಮಿಡೀಸ್. ತಡದ ಲೆಕ್ಕದಲ್ಲಿ ಅವನನ್ನು ಮೀರಿಸುವವರು ಕಡಿಮೆ.

ತರಗತಿಯಲ್ಲಿ ಒಂದು ಆಟ ಮಾಡಿಸುತ್ತಿದ್ದೆ. ರಬ್ಬರ್ ಚೆಂಡು, ಅದು ಸರಿಯಾಗಿ ಕೂರುವ ತಗಡಿನ ಡಬ್ಬ. ಡಬ್ಬದ ಅಗಲವೂ ಎತ್ತರವೂ ಚೆಂಡಿನಷ್ಟೇ. ಅಂಥ ಡಬ್ಬ ಎಲ್ಲಿ ಸಿಗುತ್ತದೆ? ಕುಮಟಾ ಪೇಟೆಯಲ್ಲಿ ಒಬ್ಬ ತಗಡಿನ ಕೆಲಸದವನಿಗೆ ಹೇಳಿ ಮಾಡಿಸಿದ್ದೆ. ತುಂಬ ನೀರು ಹಾಕಿ ಚೆಂಡು ಮುಳುಗಿಸಿ ಒತ್ತಿ ಹಿಡಿಯಬೇಕು. ಚೆಲ್ಲಿದ ನೀರು ತಟ್ಟೆಯಲ್ಲಿ, ಉಳಿದದ್ದು ಡಬ್ಬದಲ್ಲಿ. ಚೆಲ್ಲಿದ್ದು ಎರಡು ಲೋಟ ಇದ್ದರೆ ಉಳಿದದ್ದು ಒಂದು ಲೋಟ. ಮೂರರಲ್ಲಿ ಎರಡು ಪಾಲು ಚೆಂಡು. ಮಕ್ಕಳು ನೆಲ ಎಲ್ಲ ಒದ್ದೆ ಮಾಡುತ್ತಿದ್ದರು, ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು.

ಇದನ್ನು ನೀರಿಲ್ಲದೆ, ಬರೀ ತರ್ಕದಿಂದ ಸಾಧಿಸಿದವನು ಆರ್ಕಿಮಿಡೀಸ್. ಅವನಿಗೇ ಅದರ ಮೇಲೆ ಎಷ್ಟು ಪ್ರೀತಿ ಅಂದರೆ ಸಮಾಧಿಯ ಮೇಲೆ ಗೋಳ ಮತ್ತು ಸಿಲಿಂಡರ್ ಕೆತ್ತಿದ್ದರು. ಹೇಗೆ ಹೊಳೆಯಿತು ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದ. ಗೋಳವನ್ನು ತೆಳ್ಳಗೆ ಹೋಳು ಮಾಡಿ, ಮನಸ್ಸಿನಲ್ಲೇ ತಕ್ಕಡಿಗೆ ತೂಗಿ ನೋಡಿದ್ದಂತೆ. ಕಲನಶಾಸ್ತ್ರದ ಬಾಗಿಲಿನ ಚಿಲಕಕ್ಕೆ ಕೈ ಹಾಕಿದ್ದ. ಆ ಪುಸ್ತಕದ ಹಾಳೆಗಳನ್ನು ಹದಿಮೂರನೇ ಶತಮಾನದಲ್ಲಿ ಯಾರೋ ಕೆರೆದು, ಮೇಲೆ ಪ್ರಾರ್ಥನೆ ಬರೆದರು. 1906ರಲ್ಲಿ ಹೈಬರ್ಗ್ ಅನ್ನುವ ವಿದ್ವಾಂಸ ಇಸ್ತಾಂಬುಲ್‌ನಲ್ಲಿ ಅದನ್ನು ಓದಿ ಗುರುತಿಸಿದ. ಆರ್ಕಿಮಿಡೀಸ್ ಸತ್ತ ಮೇಲೆ ಆ ಬಾಗಿಲು ಪೂರ್ತಿ ತೆರೆಯಲು ಸಾವಿರದ ಎಂಟುನೂರು ವರ್ಷಕ್ಕೂ ಜಾಸ್ತಿ ಬೇಕಾಯಿತು. ಎಣಿಸಿ ಈಗ ತಡ.

ಕೈಗಾ ಪಾಳಿ (ಮಲ್ಲಾಪುರ)
ಮಧ್ಯಾಹ್ನ 1:05

ಕೈಗಾ ಅಣುಸ್ಥಾವರದಲ್ಲಿ ಪಾಳಿ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮೆಲ್ಲರ ಮಾತು ಓದಿದೆ. ಒಬ್ಬನ ತಲೆ, ಒಬ್ಬನ ತಲೆ ಅನ್ನುತ್ತೀರಿ. ನನಗೆ ಅದೇ ಸರಿ ಕಾಣುವುದಿಲ್ಲ.

1938ರ ಕ್ರಿಸ್‌ಮಸ್. ಸ್ವೀಡನ್ನಿನ ಒಂದು ಸಣ್ಣ ಊರು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಭೌತವಿಜ್ಞಾನಿ ಲೀಸೆ ಮೈಟ್ನರ್, ಅವಳ ಅಕ್ಕನ ಮಗ ಆಟೊ ಫ್ರಿಶ್, ಇಬ್ಬರೂ ಹಿಮದಲ್ಲಿ ತಿರುಗಾಡಲು ಹೊರಟರು. ಅವನು ಸ್ಕೀ ಹಾಕಿಕೊಂಡಿದ್ದ, ಅವಳು ನಡೆದೇ ಸಮಸಮಕ್ಕೆ ಬರುತ್ತಿದ್ದಳು. ಬರ್ಲಿನ್ನಿನಿಂದ ಆಟೊ ಹಾನ್ ಕಾಗದ ಬರೆದಿದ್ದ. ಯುರೇನಿಯಮ್ಮಿಗೆ ನ್ಯೂಟ್ರಾನ್ ಹೊಡೆದರೆ ಬೇರಿಯಮ್ ಬರುತ್ತಿದೆ, ಇದು ಹೇಗೆ ಅಂತ. ಬೇರಿಯಮ್ ಯುರೇನಿಯಮ್ಮಿನ ಅರ್ಧದಷ್ಟು ಭಾರ. ಚಿಕ್ಕಮ್ಮ, ಮಗ ಒಂದು ಮರದ ದಿಮ್ಮಿಯ ಮೇಲೆ ಕೂತು ಕಾಗದದ ಚೂರಿನಲ್ಲಿ ಲೆಕ್ಕ ಹಾಕಿದರು. ಪರಮಾಣುವಿನ ನ್ಯೂಕ್ಲಿಯಸ್ಸು ನೀರಿನ ಹನಿಯ ಹಾಗೆ ನಡು ಸಣ್ಣಗಾಗಿ ಎರಡಾಗುತ್ತದೆ. ತೂಕದಲ್ಲಿ ಪ್ರೋಟಾನಿನ ಐದನೇ ಒಂದು ಪಾಲಿನಷ್ಟು ಕಡಿಮೆ ಬೀಳುತ್ತದೆ. ಐನ್‌ಸ್ಟೈನರ 1905ರ ಸೂತ್ರಕ್ಕೆ ಹಾಕಿದರೆ 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಲೆಕ್ಕ ಕೂಡಿತು. ನೊಬೆಲ್ ಬಂದಿದ್ದು ಹಾನ್ ಒಬ್ಬನಿಗೆ.

ಇಲ್ಲಿ ದೊಡ್ಡ ತಲೆ ಯಾರದ್ದು ಹೇಳಿ? ಐನ್‌ಸ್ಟೈನರದಾ? ಸಾಮಾನ್ಯ ಸಾಪೇಕ್ಷತೆಗೆ ಗಣಿತ ಬೇಕಾದಾಗ ಅವರೂ ಗೆಳೆಯ ಗ್ರಾಸ್‌ಮನ್ ಹತ್ತಿರ ಹೋದವರೇ. ನಮ್ಮ ಕೈಗಾದ ಒಂದನೇ ಘಟಕ ಒಂದು ದಿನವೂ ನಿಲ್ಲದೆ 962 ದಿನ ಓಡಿ, 2018ರ ಡಿಸೆಂಬರ್ 31ಕ್ಕೆ ನಿಂತಿತು. ಆಗ ಅದು ವಿಶ್ವದಾಖಲೆ. ಆ 962 ದಿನ ಮೂರು ಪಾಳಿಯಲ್ಲಿ ಎಷ್ಟು ಜನ ಮೀಟರ್ ನೋಡಿದರು, ಎಷ್ಟು ಜನ ಲಾಗ್ ಪುಸ್ತಕ ಬರೆದರು. ಒಬ್ಬನ ಹೆಸರು ಬರೆಯಿರಿ ಅಂದರೆ ಯಾರದ್ದು ಬರೆಯೋಣ?

ಹೊನ್ನಾವರದವ
ಮಧ್ಯಾಹ್ನ 1:20

ಕೈಗಾದವರೆ, ಓಡಿಸುವುದು ಬೇರೆ, ಯೋಚನೆ ಹುಟ್ಟುವುದು ಬೇರೆ. ಸಾರು ಮಾಡಿದವರಿಗೂ ಬಡಿಸಿದವರಿಗೂ ಒಂದೇ ಮರ್ಯಾದೆ ಕೊಡೋಣ, ಆದರೆ ಕೆಲಸ ಒಂದೇ ಅಲ್ಲ.

ಕೈಗಾ ಪಾಳಿ
ಮಧ್ಯಾಹ್ನ 1:32

ಬಡಿಸುವವರು ಎರಡೂವರೆ ವರ್ಷ ಕೈ ನಡುಗಿಸದೆ ಬಡಿಸಲಿ, ಆಮೇಲೆ ಮಾತಾಡೋಣ.

ಕಡಲ ಗಾಳಿ (ಕಾರವಾರ)
ಸಂಜೆ 4:40

ಬರೀ ಗಣಿತ, ವಿಜ್ಞಾನ, ವ್ಯಾಕರಣ. ತಲೆ ಅಂದರೆ ಇಷ್ಟೇನಾ? ಟಾಗೋರರ ಹೆಸರಿನ ಕಡಲತೀರದಲ್ಲಿ ದಿನಾ ವಾಕಿಂಗ್ ಮಾಡುವ ನಾವೇ ಅವರ ಹೆಸರು ತೆಗೆಯದಿದ್ದರೆ ಹೇಗೆ? ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದಾಗ ಬಂದು, ಇಲ್ಲೇ ಕೂತು ನಾಟಕ ಬರೆದರು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು.

ಮತ್ತೆ ಮೆಟ್ಟುಗತ್ತಿಯವರ ಅಳತೆಗೋಲಿಗೆ ನನ್ನದೊಂದು ತಕರಾರು. ನ್ಯೂಟನ್ ಇಲ್ಲದಿದ್ದರೆ ಲೈಬ್ನಿಜ್. ಡಾರ್ವಿನ್ ಇಲ್ಲದಿದ್ದರೆ ವಾಲೇಸ್, ಅದೇ ವಿಕಾಸದ ಯೋಚನೆ ಹೇಳಿ 1858ರಲ್ಲಿ ಕಾಗದ ಬರೆದೇ ಬಿಟ್ಟಿದ್ದ. ಸರಿ. ಟಾಗೋರರು ಹುಟ್ಟದೇ ಇದ್ದಿದ್ದರೆ ಅವರ ಒಂದು ಪದ್ಯ ಬರೆಯಲು ಇನ್ನೊಬ್ಬ ಕವಿ ಎಷ್ಟು ವರ್ಷಕ್ಕೆ ಬರುತ್ತಿದ್ದ? ಯಾವತ್ತೂ ಬರುತ್ತಿರಲಿಲ್ಲ. ನಮ್ಮ ದಿನಕರ ದೇಸಾಯಿಯವರ ಒಂದು ನಾಲ್ಕು ಸಾಲಿನ ಚುಟುಕವೂ ಅಷ್ಟೇ. ನಿಮ್ಮ ಲೆಕ್ಕದಲ್ಲಿ ಎಲ್ಲ ಕವಿಗಳೂ ನ್ಯೂಟನ್‌ಗಿಂತ ದೊಡ್ಡವರಾದರು!

ಮೆಟ್ಟುಗತ್ತಿ
ಸಂಜೆ 5:15

ಇದನ್ನು ಓದಿ ಚಹಾ ಲೋಟ ಕೆಳಗಿಟ್ಟೆ. ಹೌದು. ಅಳತೆಗೋಲು ಲಟ್ಟನೆ ಮುರಿಯಿತು.

ನಾನು ಅಳೆಯುತ್ತಿದ್ದದ್ದು ತಲೆಯನ್ನಲ್ಲ, ಕೆಲಸದ ಜಾತಿಯನ್ನು. ನ್ಯೂಟನ್ ಹುಡುಕಿದ್ದು ಮೊದಲೇ ಇದ್ದದ್ದು. ಅದಕ್ಕೆ ಇನ್ನೊಬ್ಬ ಸಿಗುತ್ತಾನೆ. ಕವಿ ಮಾಡಿದ್ದು ಇಲ್ಲದ್ದು. ಅದಕ್ಕೆ ಇನ್ನೊಬ್ಬ ಸಿಗುವುದಿಲ್ಲ, ಕೆಟ್ಟ ಕವಿಗೂ ಸಿಗುವುದಿಲ್ಲ. ಚಿಕ್ಕಪ್ಪನಿಗೆ ಓದಿ ಹೇಳಿದೆ. “ಅದಕ್ಕೇ ವ್ಯಾಸ ಅಂದದ್ದು” ಅಂದ. ಈಗ ಅವನನ್ನು ತಡೆಯುವುದು ಕಷ್ಟ.

ಗಜನಿ ಬದು (ಮಾಣಿಕಟ್ಟಾ)
ಸಂಜೆ 6:50

ನಾನು ಜಾಸ್ತಿ ಓದಿದವನಲ್ಲ. ಹೆಸರಿಲ್ಲದವರಿಗೆ ಓಟು ಹಾಕಬಹುದಾ?

ಅಘನಾಶಿನಿ ಹೊಳೆಯ ಗಜನಿಯಲ್ಲಿ, ಅಂದರೆ ಉಪ್ಪುನೀರು ಬರುವ ತಗ್ಗು ಗದ್ದೆಯಲ್ಲಿ, ನಾವು ಕಗ್ಗ ಬೆಳೆಯುತ್ತೇವೆ. ಉಪ್ಪುನೀರಿಗೆ ಸಾಯದ ಭತ್ತ. ನೆರೆ ಬಂದು ಕೆಲವು ದಿನ ಮುಳುಗಿದರೂ ಏಳುತ್ತದೆ. ಗೊಬ್ಬರ ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ಮಳೆ ಬಂದು ಮಣ್ಣಿನ ಉಪ್ಪು ತೊಳೆಯಬೇಕು, ಆಗ ಮೊಳಕೆ ಬೀಜ ಚೆಲ್ಲಬೇಕು. ಕಟ್ಟೆಗೆ ಹಲಗೆಯ ಬಾಗಿಲು. ಭರತಿಗೆ ಮುಚ್ಚಬೇಕು, ಇಳಿತಕ್ಕೆ ತೆಗೆಯಬೇಕು. ಒಂದು ಭರತಿ ತಪ್ಪಿದರೆ ಗದ್ದೆ ತುಂಬ ಉಪ್ಪು. ಭತ್ತ ಕೊಯ್ದ ಮೇಲೆ ಅದೇ ನೀರಿನಲ್ಲಿ ಶೆಟ್ಲಿ (ಸಿಗಡಿ), ಮೀನು.

ಮೊದಲು ಒಬ್ಬರು ಯಾರೋ ಉಪ್ಪುನೀರಿನಲ್ಲಿ ಸತ್ತ ಗದ್ದೆ ನೋಡಿರಬೇಕು. ಅದರ ಮಧ್ಯೆ ಸಾಯದ ನಾಲ್ಕು ತೆನೆ ಕಂಡಿರಬೇಕು. ಮನೆಯಲ್ಲಿ ಅಕ್ಕಿ ಇಲ್ಲದಿದ್ದರೂ ಆ ನಾಲ್ಕು ತೆನೆ ಬೇಯಿಸದೆ ಇಟ್ಟಿರಬೇಕು. ಹೆಂಗಸೇ ಇರಬೇಕು ಅಂತ ನನಗೆ ಅನ್ನಿಸುತ್ತದೆ. ನಮ್ಮಲ್ಲಿ ಬೀಜ ಎತ್ತಿಡುವುದು ಅವರೇ. ಅವಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಬೈತಖೋಲ ಬೋಟು
ಸಂಜೆ 7:02

ಗೌಡ್ರೆ, ನನ್ನ ನ್ಯೂಟನ್ ಪಕ್ಕದಲ್ಲಿ ಅವಳಿಗೊಂದು ಕುರ್ಚಿ ಹಾಕುತ್ತೇನೆ. ಭರತಿ ಇಬ್ಬರಿಗೂ ಗೊತ್ತಿತ್ತು.

ಮೆಟ್ಟುಗತ್ತಿ
ರಾತ್ರಿ 9:30

ಗಜನಿಯವರು ಬರೆದದ್ದು ಓದಿ ನನ್ನ ತೋಟದ್ದು ಹೇಳದೆ ಇರಲಾಗುತ್ತಿಲ್ಲ.

ಮಳೆಗಾಲದಲ್ಲಿ ಕೊಳೆರೋಗಕ್ಕೆ ನಾವು ಹೊಡೆಯುವ ಮದ್ದು ಬೋರ್ಡೋ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕದಡಿ ಆಮೇಲೆ ಸೇರಿಸಬೇಕು. ಹದ ನೋಡಲು ಕಬ್ಬಿಣದ ಕತ್ತಿ ಅದ್ದುತ್ತೇವೆ. ಕತ್ತಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ. ಇದು ಬಂದದ್ದು ಫ್ರಾನ್ಸಿನ ಬೋರ್ಡೋದಿಂದ. ಅಲ್ಲಿ ರಸ್ತೆ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕಿತ್ತು ತಿನ್ನಬಾರದು ಅಂತ ರೈತರು ನೀಲಿ ನೀರು ಎರಚುತ್ತಿದ್ದರು. ವಿಷದ ಹಾಗೆ ಕಾಣಲಿ ಅಂತ. ಮಿಲಾರ್ಡೆ ಅನ್ನುವ ಸಸ್ಯಶಾಸ್ತ್ರದ ಮಾಸ್ತರು ಆ ದಾರಿಯಲ್ಲಿ ಹೋಗುವಾಗ ನೋಡಿದ. ತೋಟದೊಳಗಿನ ಬಳ್ಳಿಗೆ ರೋಗ ಬಂದಿದೆ, ರಸ್ತೆ ಬದಿಯದಕ್ಕೆ ಬಂದಿಲ್ಲ! 1885ರಲ್ಲಿ ಅದನ್ನು ಬರೆದು ಪ್ರಕಟಿಸಿದ. 1910ರ ಹೊತ್ತಿಗೆ ಆಗಿನ ಮೈಸೂರು ಸಂಸ್ಥಾನದಲ್ಲಿ ಕೋಲ್ಮನ್ ಅನ್ನುವ ವಿಜ್ಞಾನಿ ಅಡಿಕೆಯ ಕೊಳೆಗೆ ಅದೇ ಸರಿ ಅಂತ ತೋರಿಸಿದ. ಆ ದಾರಿಯಲ್ಲಿ ಎಷ್ಟು ಸಾವಿರ ಜನ ಹೋಗಿದ್ದರೋ. ಕಂಡದ್ದು ಒಬ್ಬನಿಗೆ. ಎಲ್ಲರಿಗಿಂತ ದೊಡ್ಡ ತಲೆ ಅಂತ ಅವನನ್ನು ಕರೆಯುವುದಿಲ್ಲ. ಆದರೂ ಅವನಿಲ್ಲದಿದ್ದರೆ ಈ ವರ್ಷ ಸುಲಿಯಲು ಅಡಿಕೆಯೇ ಇರುತ್ತಿರಲಿಲ್ಲ.

ಈಗ ಅಕ್ಕನ ಮಗಳ ವಿಷಯ. ಅವಳಿಗೆ ನಿಮ್ಮ ಚರ್ಚೆ ಎಲ್ಲ ಓದಿ ಹೇಳಿದೆ. ಬಂದರು ಕಚೇರಿಯಲ್ಲಿ ತಿಂಗಳಿಗೆ ಮೂವತ್ತು ರೂಪಾಯಿಗೆ ಗುಮಾಸ್ತನಾಗಿದ್ದ ರಾಮಾನುಜನ್ 1913ರಲ್ಲಿ ಹಾರ್ಡಿಗೆ ಕಾಗದ ಬರೆದದ್ದು, ಮೂವತ್ತೆರಡಕ್ಕೇ ಸತ್ತದ್ದು, ಕೊನೆಯ ವರ್ಷದ ಹಾಳೆಗಳು 1976ರಲ್ಲಿ ಕೇಂಬ್ರಿಡ್ಜಿನ ಲೈಬ್ರರಿಯಲ್ಲಿ ಸಿಕ್ಕಿದ್ದು, ಎಲ್ಲ ಅವಳು ನನಗೇ ಹೇಳಿದಳು. ಓಟು ಬದಲಾಯಿಸಿಲ್ಲ. ಆದರೆ ಅವಳ ತಲೆ ಬೇರೆ ಕಡೆ ಓಡಿದೆ. 1729 ಅತಿ ಚಿಕ್ಕದಾದರೆ ಅದರ ಮುಂದಿನದು ಯಾವುದು? ಒಂದು ರಟ್ಟು ತೆಗೆದುಕೊಂಡು ಒಂದರಿಂದ ಇಪ್ಪತ್ತನಾಲ್ಕರವರೆಗೆ ಘನ ಬರೆದಳು. ಎರಡೆರಡು ಕೂಡಿಸುತ್ತಾ ಕೂತಳು. ಅಡಿಕೆ ಬೇಯಿಸುವ ಹಂಡೆಯ ಒಲೆ ಪಕ್ಕ, ಕೈಯೆಲ್ಲ ಚೊಗರಿನ ಕಲೆ.

4104 ಸಿಕ್ಕಿತು. ಎರಡರ ಘನ, ಹದಿನಾರರ ಘನ. ಇಲ್ಲವೇ ಒಂಬತ್ತರದ್ದು, ಹದಿನೈದರದ್ದು. ಆಮೇಲೆ 13832 ಸಿಕ್ಕಿತು. ನಾನು ಭೇಷ್ ಅಂದೆ. ಅವಳಿಗೆ ಸಮಾಧಾನ ಇಲ್ಲ.

“ಇದು ಹೊಸದಲ್ಲ ಮಾವಾ. ಇದು 1729ರದ್ದೇ. ನೋಡು, ಒಂದು ಎರಡಾಗಿದೆ, ಹನ್ನೆರಡು ಇಪ್ಪತ್ತನಾಲ್ಕಾಗಿದೆ. ಒಂಬತ್ತು ಹದಿನೆಂಟು, ಹತ್ತು ಇಪ್ಪತ್ತು. ಇದನ್ನು ಲೆಕ್ಕಕ್ಕೆ ಹಿಡಿಯಬಾರದು.”

ಅಕ್ಕೋರೆ, ಇದಕ್ಕೆ ನಾನು ಏನು ಹೇಳಲಿ?

ಗಣಿತದ ಅಕ್ಕೋರು
ರಾತ್ರಿ 9:41

ಏನೂ ಹೇಳಬೇಡಿ. ರಟ್ಟಿನಲ್ಲಿ ಇಪ್ಪತ್ತೇಳರವರೆಗೆ ಬರೆಯಲು ಹೇಳಿ. ಇನ್ನೊಂದು ಸಿಗುತ್ತದೆ, ಅದು ಯಾರದ್ದೂ ದುಪ್ಪಟ್ಟಲ್ಲ. ಯಾವುದು ಅಂತ ಇಲ್ಲಿ ಯಾರೂ ಬರೆಯಕೂಡದು. ಹೊನ್ನಾವರದ ತಮ್ಮಾ, ನಿನಗೇ ಹೇಳಿದ್ದು, ಕಂಪ್ಯೂಟರ್ ಮುಚ್ಚು.

ಹೊನ್ನಾವರದವ
ರಾತ್ರಿ 9:43

ಮುಚ್ಚಿದೆ ಅಕ್ಕೋರೆ. (ನೋಡಿಯಾಗಿತ್ತು.)

ಮೆಟ್ಟುಗತ್ತಿ
ರಾತ್ರಿ 9:58

ರಟ್ಟಿನಲ್ಲಿ ಜಾಗ ಮುಗಿಯಿತು. ಅಡಿಕೆ ಚೀಲದ ಚೀಟಿ ತಿರುಗಿಸಿ ಬರೆಯುತ್ತಿದ್ದಾಳೆ. ಚಿಕ್ಕಪ್ಪನೂ ಬಗ್ಗಿ ನೋಡುತ್ತಿದ್ದಾನೆ.